ಹೊಳಪು ಕೆಳಗೆ

ಫೆಬ್ರುವರಿ 4, ಮಂಗಳವಾರ. ಸಂಜೆ 6.20

ಇವತ್ತು ಮೂರು ಮೇಣದ ಬ್ಲಾಕ್ ಕತ್ತರಿಸಿ ಮುಗಿಸಿದೆ. ನಮ್ಮ ಲ್ಯಾಬಿನ ಹುಡುಗಿ ಗುಬ್ಬಿಯ 3, 5, 6ನೇ ನಂಬರ್ ಮರಿಗಳು. ಮರಿ ಅಂದರೆ ಎಂಟು ದಿನದ ಕೋಳಿಭ್ರೂಣ, ಮೇಣದಲ್ಲಿ ಕೂತದ್ದು. ಬ್ಲೇಡ್ ಹೊಸದು. ಏಳು ಮೈಕ್ರಾನ್ ದಪ್ಪದ ಚೂರು, ಕೂದಲಿಗಿಂತ ತೆಳು. ಒಂದು ಚೂರಿಗೆ ಮುಂದಿನ ಚೂರು ಅಂಟಿಕೊಂಡು ರಿಬ್ಬನ್ ಒಂದೇ ಸಮನೆ ಇಳಿಯಿತು. ಎಲ್ಲೂ ಸುಕ್ಕಿಲ್ಲ. ಪಕ್ಕದ ಲ್ಯಾಬಿನವರಿಬ್ಬರು ನಿಂತು ನೋಡಿದರು. ನೋಡಲಿ.

ಗಾಳಿ ತೀರಾ ಒಣ. ಸ್ಟ್ಯಾಟಿಕ್ ಕರೆಂಟಿನ ಕಾಟ, ಹತ್ತಿರ ಇದ್ದದ್ದಕ್ಕೆಲ್ಲ ಅಂಟುತ್ತದೆ. ಊಟ ಮಾಡಿ ಬಂದು ಟ್ರೇ ತೆರೆದರೆ ರಿಬ್ಬನ್‌ಗಳೆಲ್ಲ ಮುಚ್ಚಳಕ್ಕೆ ಅಂಟಿ ಕೂತಿವೆ. ಮೂರೂ ಟ್ರೇ ಹಾಗೇ. ಬೇರೆಯವರಾಗಿದ್ದರೆ ಅಳುತ್ತಿದ್ದರು. ನಾನು ಮುಚ್ಚಳವನ್ನೇ ಮೇಜಿನ ಮೇಲೆ ಮಗುಚಿಟ್ಟೆ. ಅಲ್ಲಿಂದಲೇ ಬ್ರಷ್ಷಿನಲ್ಲಿ ಎತ್ತಿ ಬೆಚ್ಚಗಿನ ನೀರಿಗೆ ಬಿಟ್ಟೆ, ಗಾಜಿನ ಮೇಲೆ ಹಿಡಿದೆ. ಒಂದೂ ಹರಿಯಲಿಲ್ಲ. ಇಪ್ಪತ್ತಾರು ವರ್ಷದ ಕೈ.

ಗುಬ್ಬಿ ಐದನೇ ವರ್ಷದ ಪಿಎಚ್‌ಡಿ ಹುಡುಗಿ. ಹೆಸರು ನಾನಿಟ್ಟದ್ದು. ಕೂತಲ್ಲಿ ಕೂರುವುದಿಲ್ಲ, ಮಾತಿಗೊಂದು ಅಕ್ಕ. ಇವತ್ತು ಎಣಿಸಿದೆ: ಹತ್ತು ನಿಮಿಷಕ್ಕೆ ಹದಿನಾಲ್ಕು ಅಕ್ಕ. ಮಾರ್ಚ್ 12ಕ್ಕೆ ಅವಳ ಸಮಿತಿ. ಅಲ್ಲಿ ಒಪ್ಪಿದರೆ ಥೀಸಿಸ್ ಬರೆಯಬಹುದು. ಇಲ್ಲದಿದ್ದರೆ ಸೀಟು ಹೋದಂತೆ, ಐದು ವರ್ಷ ನೀರಿನಲ್ಲಿ ಹೋಮ.

ಫೆಬ್ರುವರಿ 6, ಗುರುವಾರ

ಹೊಸ ಬ್ಯಾಚ್. ಇಬ್ಬರು. ಮೊದಲ ಪಾಠ ಹೇಳಿಕೊಟ್ಟೆ. ರಿಬ್ಬನ್ನಿಗೆ ಎರಡು ಮೈ: ಒಂದು ಹೊಳೆಯುತ್ತದೆ, ಒಂದು ಮಂಕು. ನೀರಿಗೆ ಬಿಡುವಾಗ ಹೊಳಪು ಕೆಳಗೆ. ಯಾವಾಗಲೂ. ಮಗುಚಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ, ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಇಬ್ಬರ ಕೈಯಲ್ಲೂ ಹತ್ತು ಸಲ ಬರೆಸಿದೆ.

ಇಲ್ಲಿ ಬರೆಯುವುದಕ್ಕೇನು, ಯಾರೂ ಓದುವುದಿಲ್ಲ... ನನಗೇ ಆ ಹೊಳಪು ಕಂಡು ಎರಡು ವರ್ಷವಾಯಿತು. ಹತ್ತಿರದ್ದೆಲ್ಲ ಮಸುಕು. ಮೈಕ್ರೊಸ್ಕೋಪಿಗೆ ತೊಂದರೆಯಿಲ್ಲ, ತಿರುಪು ತಿರುಗಿಸಿದರೆ ಸರಿಹೋಗುತ್ತದೆ. ರಿಬ್ಬನ್ ಮಾತ್ರ ಅಭ್ಯಾಸಬಲ. ಬ್ಲೇಡಿನಿಂದ ಹೇಗೆ ಇಳಿಯಿತೋ ಹಾಗೇ ಟ್ರೇಗೆ, ಟ್ರೇಯಿಂದ ಹಾಗೇ ನೀರಿಗೆ. ಕಣ್ಣು ಬೇಕಿಲ್ಲ.

ಕನ್ನಡಕ ಹಾಕಬಹುದು. ಆದರೆ ನನಗಿಂತ ಮುಂಚೆ ಇದ್ದ ಟೆಕ್ನಿಶಿಯನ್‌ರನ್ನು ಕೈ ನಡುಗಿದ ವಾರವೇ ಸ್ಟೋರಿಗೆ ಹಾಕಿದರು. ಆರು ವರ್ಷ ಬಾಟಲಿ ಎಣಿಸಿ ರಿಟೈರ್ ಆದರು. ದಾರಿಯಲ್ಲಿ ಸಿಕ್ಕರೆ ಈಗಲೂ ಮುಖ ತಿರುಗಿಸುತ್ತಾರೆ.

ಫೆಬ್ರುವರಿ 9, ಭಾನುವಾರ

ತಂಗಿ ಮುಂಬಾಗಿಲ ಬೆಳಕಿನಲ್ಲಿ ಮೆಷಿನ್ ಹಾಕಿಕೊಂಡು ಯಾರದೋ ಕೋಟು ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸಿಕೊಡು ಅಂದಳು. ಮೂರು ಸಲ ತಪ್ಪಿತು. ಸೂಜಿಯ ಕಣ್ಣೇ ಸಣ್ಣ ಅಂದೆ.

“ಸೂಜಿ ಕಣ್ಣಲ್ಲ, ನಿನ್ನ ಕಣ್ಣು” ಅಂದಳು. ಮಾತು ಬದಲಿಸಲು ಕೆಲಸದ ಸುದ್ದಿ ತೆಗೆದೆ. ಅವಳೂ ಬಿಡಲಿಲ್ಲ: “ಅಲ್ಲ ಕಣೇ ಅಕ್ಕ, ಇಷ್ಟು ವರ್ಷದಿಂದ ಆ ಮೊಟ್ಟೆ ಒಳಗೆ ಅದೇನ್ ನೋಡ್ತೀಯೇ?”

“ಮಣಿ” ಅಂದೆ. ಪುಸ್ತಕದಲ್ಲಿ ಅದು ಸೋಮೈಟ್. ನನ್ನ ಬಾಯಲ್ಲಿ ಮೊದಲಿಂದಲೂ ಮಣಿ. ಭ್ರೂಣದ ಬೆನ್ನಿನ ಉದ್ದಕ್ಕೂ ಎರಡು ಸಾಲು. ತಲೆಯ ಕಡೆಯಿಂದ ಶುರುವಾಗಿ, ಕೋಳಿಗಾದರೆ ಒಂದೂವರೆ ಗಂಟೆಗೊಂದು ಜೋಡಿ. ನನಗೂ ಇತ್ತು, ನಿನಗೂ ಇತ್ತು ಅಂದೆ. ಒಂದೊಂದು ಮಣಿಯೂ ಮೂರು ಪಾಲಾಗುತ್ತದೆ. ಒಳಗಡೆಯದು ಸಡಿಲಗೊಂಡು ನರದ ಹುರಿಯ ಸುತ್ತ ಸೇರಿ ಬೆನ್ನೆಲುಬು, ಪಕ್ಕೆಲುಬು. ಮೇಲ್ಗಡೆಯದು ಬೆನ್ನಿನ ಚರ್ಮ. ನಡುವಿನದು ಮಾಂಸಖಂಡ.

“ಒಂದೇ ತುಂಡಲ್ಲಿ ಮೇಲ್ಬಟ್ಟೆ, ಲೈನಿಂಗು, ಕ್ಯಾನ್ವಾಸು ಮೂರೂ ಬಂತು ಅನ್ನು. ಅದಕ್ಕೆ ಯಾರು ಹೇಳ್ತಾರೆ, ನೀನು ಇದಾಗು ನೀನು ಅದಾಗು ಅಂತ?”

“ಪಕ್ಕದವರು. ಕೆಳಗಿಂದ ಒಬ್ರು ಎಲುಬಾಗು ಅಂತಾರೆ, ಮೇಲಿಂದ ಇನ್ನೊಬ್ರು ಚರ್ಮ ಆಗು ಅಂತಾರೆ. ಹೊಸ ಮಣೀನ ತಲೆಕೆಳಗು ಮಾಡಿಟ್ರೂ ಪರವಾಗಿಲ್ಲ, ಹೊಸ ಪಕ್ಕದವರ ಮಾತು ಕೇಳಿ ಸರಿಹೋಗುತ್ತೆ. ಸ್ವಲ್ಪ ಹಳೇದಾದ್ರೆ ಮುಗೀತು. ಇಟ್ಟ ಹಾಗೇ ಬೆಳೆಯುತ್ತೆ.”

“ಮತ್ತೆ ನಿನ್ನ ಗುಬ್ಬಿ?”

“ಅವಳು ಎದೆ ಭಾಗದ್ದನ್ನ ಕಿತ್ತು ಕುತ್ತಿಗೇಲಿ ನೆಡ್ತಾಳೆ. ಚರ್ಮ ಯಾವುದು ಎಲುಬು ಯಾವುದು ಅಂತ ಪಕ್ಕದವರಿಂದ ಕಲಿಯುತ್ತೆ ಸರಿ. ಆದ್ರೆ ತಾನು ಎದೆ ಕಡೆಯೋಳು ಅನ್ನೋದು ಮಾತ್ರ ಮರೆಯಲ್ಲ. ಕುತ್ತಿಗೇಲೂ ಉದ್ದ ಪಕ್ಕೆಲುಬು ಬೆಳೆಸುತ್ತೆ.”

“ತವರುಮನೆ ಬುದ್ಧಿ ಎಲ್ಲಿ ಹೋಗುತ್ತೆ” ಅಂದು ದಾರ ತಾನೇ ಪೋಣಿಸಿಕೊಂಡಳು.

ಫೆಬ್ರುವರಿ 13, ಗುರುವಾರ. ಮಧ್ಯಾಹ್ನ

ಗುಬ್ಬಿ ಕಿರುಚಿದ್ದು ಕಾರಿಡಾರಿನ ಆ ತುದಿಗೆ ಕೇಳಿಸಿತಂತೆ. 2ನೇ ನಂಬರ್ ಮರಿ. ಕುತ್ತಿಗೆಯಲ್ಲಿ ಪಕ್ಕೆಲುಬು! ಬಲಗಡೆ, ಅವಳು ನೆಟ್ಟ ಕಡೆ. ಎಡಗಡೆ ಏನೂ ಇಲ್ಲ. ಅವಳು ನೆಡುವುದು ಲಾವಕ್ಕಿಯ ಮಣಿ, ನೆಡುವ ಜಾಗ ಕೋಳಿ. ಬಣ್ಣ ಹಾಕಿದರೆ ಲಾವಕ್ಕಿಯ ಜೀವಕೋಶದ ನಡುವೆ ಗಾಢ ಚುಕ್ಕೆ ಕಾಣುತ್ತದೆ, ಕೋಳಿಯದಕ್ಕೆ ಇಲ್ಲ. ಆ ಪಕ್ಕೆಲುಬಿನ ತುಂಬ ಚುಕ್ಕೆ. ಬೆನ್ನಿನ ಚರ್ಮದಲ್ಲೂ, ಮಾಂಸದಲ್ಲೂ, ಅದೇ ಕಡೆಗೆ.

“ಅಕ್ಕ, ನಿಮ್ಮ ಕೈ ಮುಟ್ಟಿ ಕಣ್ಣಿಗೆ ಒತ್ಕೋಬೇಕು ಅಕ್ಕ” ಅಂದಳು. ನಲವತ್ತು ಮೊಟ್ಟೆಗೆ ಏಳು ಬದುಕಿದ್ದು. ಇನ್ನು ಆರರ ಸ್ಲೈಡ್ ನೋಡಬೇಕು.

ನನಗೂ ಹೆಮ್ಮೆ. ಯಾಕೆ ಸುಳ್ಳು ಹೇಳಲಿ.

ಫೆಬ್ರುವರಿ 18, ಮಂಗಳವಾರ

ಪ್ರೊಫೆಸರ್ ರೂಮಿಗೆ ಕರೆದರು. ಗುಬ್ಬಿ ಮೊದಲೇ ನಿಂತಿದ್ದಳು. ಮೇಜಿನ ಮೇಲೆ ಅವಳ ನೋಟ್‌ಬುಕ್, ಸ್ಲೈಡಿನ ಟ್ರೇ.

“ನೋಟ್‌ಬುಕ್ ಪ್ರಕಾರ ಏಳರಲ್ಲೂ ಬಲಕ್ಕೆ ನೆಟ್ಟಿದೀಯ” ಅಂದರು ಅವಳಿಗೆ. “ನಾಲ್ಕು ಭ್ರೂಣದಲ್ಲಿ ಎಲುಬು ಬಲಕ್ಕಿದೆ. ಮೂರರಲ್ಲಿ ಎಡಕ್ಕೆ. ಇದೇನಮ್ಮ?”

“ಸರ್, ನಾನು ಬಲಕ್ಕೇ ಇಟ್ಟಿದ್ದು.”

“ಹಾಗಾದ್ರೆ ಎಲುಬು ಎದ್ದು ನಡ್ಕೊಂಡು ಹೋಯ್ತಾ?”

ಅವರು ನನ್ನ ಕಡೆ ತಿರುಗಿದರು. ಕೇಳಬೇಕಲ್ಲ ಎಂದು ಕೇಳಿದರು, ಅಷ್ಟೆ: “ರಿಬ್ಬನ್ ಏನಾದ್ರೂ ಮಗುಚಿರೋ ಸಾಧ್ಯತೆ ಇದ್ಯಾ?”

“ಇಲ್ಲ ಸರ್. ನನ್ನ ಕೈಯಲ್ಲಿ ಹಾಗಾಗಲ್ಲ.”

ಒಂದು ಕ್ಷಣವೂ ತಡೆಯಲಿಲ್ಲ ನಾನು. ಅವರು ತಲೆಯಾಡಿಸಿದರು. ಇವರು ಹೇಳಿದರೆ ಮುಗಿಯಿತು ಅನ್ನುವ ಹಾಗೆ. ಗುಬ್ಬಿ ನನ್ನನ್ನೇ ನೋಡಿದಳು. ಅನುಮಾನದಿಂದಲ್ಲ. ನನ್ನ ಮಾತು ಕೇಳಿ ಅವಳಿಗೆ ತನ್ನ ಮೇಲೇ ಅನುಮಾನ ಬಂತು. ಅದು ಮುಖದಲ್ಲಿ ಇಳಿದದ್ದು ಕಂಡಿತು.

“ಎಡ ಬಲ ಗೊತ್ತಿಲ್ಲದ ಕೈಯಿಂದ ಆಪರೇಷನ್ ಮಾಡಿದೀಯ ಅಂತಾಯ್ತು. ಇದನ್ನ ಸಮಿತಿ ಮುಂದೆ ಹೇಗಮ್ಮ ಇಡೋದು” ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರುವರಿ 19

ಕೆಲಸ ಮಾಡಿದೆ. ಬಂದೆ. ಯಾವ ಮೂರು ಮರಿ ಎಂದು ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ?

ಫೆಬ್ರುವರಿ 22, ಶನಿವಾರ

ತಂಗಿಯ ಜೊತೆ ಜಗಳ. ಕಪ್ಪು ಕೋಟಿಗೆ ಕಡುನೀಲಿ ಗುಂಡಿ ಹಚ್ಚಿಟ್ಟಿದ್ದೆ. ಗಿರಾಕಿ ನೋಡಿ ನಕ್ಕರಂತೆ. “ಎದ್ದೇಳು” ಅಂದಳು, ಕೈ ಹಿಡಿದು ಎಳೆದುಕೊಂಡೇ ಹೋದಳು. ಕನ್ನಡಕದ ಅಂಗಡಿಯವನು ಅಕ್ಷರದ ಹಲಗೆ ತೋರಿಸಿದ. ಕೆಳಗಿನ ಮೂರು ಸಾಲು ಇರುವೆಗಳ ಹಾಗೆ.

“ಎಷ್ಟು ವರ್ಷದಿಂದ ಹೀಗೆ?” ಅಂದ.

“ಈಗ ಈಗ” ಅಂದೆ. ಹಿಂದೆ ನಿಂತಿದ್ದ ತಂಗಿ ಕೆಮ್ಮಿದಳು.

ಹಾಕಿಕೊಂಡು ಹೊರಗೆ ಬಂದರೆ ನನ್ನ ಕೈಯ ಗೆರೆಗಳೆಲ್ಲ ಕಾಣುತ್ತಿವೆ. ಉಗುರಿನ ಕೆಳಗೆ ಮೇಣ. ಇಷ್ಟು ದಿನ ಹೀಗೇ ತಿರುಗಿದೆನೇ?

ಫೆಬ್ರುವರಿ 24, ಸೋಮವಾರ. ಮಧ್ಯಾಹ್ನ 3.00

ಕನ್ನಡಕ ಚೀಲದಲ್ಲೇ ಇಟ್ಟುಕೊಂಡು ಹೋದೆ. ಯಾರೂ ಇಲ್ಲದಾಗ ಹಾಕಿ ಕತ್ತರಿಸಲು ಕೂತೆ. ರಿಬ್ಬನ್ ಇಳಿಯಿತು. ಬ್ರಷ್ಷಿನಲ್ಲಿ ಎತ್ತಿದೆ. ಹೊಳಪು ಕಂಡಿತು. ಎರಡು ವರ್ಷದ ಮೇಲೆ. ಒಂದು ಮೈ ನೀರಿನ ಹಾಗೆ, ಒಂದು ಮೈ ಸುಣ್ಣದ ಹಾಗೆ. ಎಷ್ಟು ಸುಲಭ. ಸಂತೋಷವಾಗಿ ಸುಮ್ಮನೆ ಹೀಗೆ ಹಾಗೆ ತಿರುಗಿಸಿ ನೋಡಿದೆ.

ತಿರುಗಿಸುವಾಗಲೇ ನೆನಪಾಯಿತು. ಮುಚ್ಚಳ.

ಮುಚ್ಚಳಕ್ಕೆ ಅಂಟಿದ ರಿಬ್ಬನ್. ಮುಚ್ಚಳವನ್ನು ಮೇಜಿನ ಮೇಲೆ ಮಗುಚಿಟ್ಟರೆ ರಿಬ್ಬನ್ನೂ ಮಗುಚಿತು. ಅಲ್ಲಿಂದ ಎತ್ತಿ ನೇರ ನೀರಿಗೆ ಬಿಟ್ಟೆ. ಹೊಳಪು ಮೇಲೆ.

ಈ ಪುಸ್ತಕ ಚೀಲದಲ್ಲಿತ್ತು. ತೆಗೆದು 4ನೇ ತಾರೀಕು ನೋಡಿದೆ. ಬರೆದಿದ್ದೇನೆ, ಜಂಬದಿಂದ. 3, 5, 6.

ಸ್ಲೈಡ್ ಟ್ರೇ ಪ್ರೊಫೆಸರ್ ರೂಮಿನಲ್ಲಿ. ಅವರು ಕ್ಲಾಸಿಗೆ ಹೋದಾಗ ಒಳಗೆ ಹೋದೆ. ಆ ರೂಮಿನ ಕೀ ನನ್ನ ಹತ್ತಿರವೂ ಇದೆ, ನಂಬಿಕೆಯಿಂದ ಕೊಟ್ಟದ್ದು. ಎಡಕ್ಕೆ ಎಲುಬು ಬಂದ ಮೂರಕ್ಕೂ ಟ್ರೇಯಲ್ಲಿ ಗುರುತು ಹಾಕಿದ್ದರು: 3, 5, 6. ಮೈಕ್ರೊಸ್ಕೋಪಿನಲ್ಲಿ ಇಟ್ಟೆ. ಎಲುಬು ನೋಡಲಿಲ್ಲ. ಅನ್ನನಾಳ ನೋಡಿದೆ. ಹಕ್ಕಿಯ ಕುತ್ತಿಗೆಯಲ್ಲಿ ಅನ್ನನಾಳ ಶ್ವಾಸನಾಳದ ಬಲಕ್ಕೆ ಸರಿದಿರುತ್ತದೆ. 2ನೇ ಮರಿಯಲ್ಲಿ ಬಲಕ್ಕಿದೆ. 3ರಲ್ಲಿ ಎಡಕ್ಕೆ. 5ರಲ್ಲಿ ಎಡಕ್ಕೆ. 6ರಲ್ಲಿ ಎಡಕ್ಕೆ.

ಅಂಥ ಹಕ್ಕಿ ಇಲ್ಲ. ಎಲ್ಲರ ಕಣ್ಣೂ ಎಲುಬಿನ ಮೇಲಿತ್ತು. ಪಕ್ಕದಲ್ಲಿದ್ದ ನಾಳವನ್ನು ಯಾರು ನೋಡುತ್ತಾರೆ?

ಗುಬ್ಬಿ ಬಲಕ್ಕೇ ಇಟ್ಟಿದ್ದಳು. ಏಳಕ್ಕೆ ಏಳೂ.

ಫೆಬ್ರುವರಿ 25, ಮಂಗಳವಾರ

ಹೇಳಬೇಕೆಂದೇ ಹೋದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಗುಬ್ಬಿ ನಾನು ಕತ್ತರಿಸುವ ಯಂತ್ರ ಮೈಕ್ರೊಟೋಮಿನ ಹತ್ತಿರ ಕಾಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ—

“ಅಕ್ಕ, ಸಾರಿ ಅಕ್ಕ. ನನ್ನಿಂದ ನಿಮ್ಮನ್ನೂ ಸರ್ ಕೇಳೋ ಹಾಗಾಯ್ತು. ಅಷ್ಟು ಚೆಂದ ಕತ್ತರಿಸಿದ್ರಿ, ನಾನು ಹಾಳು ಮಾಡಿದೆ ಅಕ್ಕ.”

“ಹೋಗ್ಲಿ ಬಿಡೇ” ಅಂದೆ.

ಬಿಡೇ ಅಂದೆ! ನಾನು ಅವಳನ್ನು ಕ್ಷಮಿಸಿದೆ. ಇದಕ್ಕಿಂತ ನಾಚಿಕೆಗೇಡು ಏನಿದೆ? ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ಇಡೀ ದಿನ ಓಡಾಡಿದೆ. ನುಂಗಲಿಲ್ಲ, ಉಗುಳಲಿಲ್ಲ. ಕನ್ನಡಕ ಚೀಲದಲ್ಲೇ ಇತ್ತು.

ಮಾರ್ಚ್ 3, ಸೋಮವಾರ

ಐದು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಹೇಳಲಿಲ್ಲ, ಹೇಳಲಿಲ್ಲ, ಹೇಳಲಿಲ್ಲ.

ಇವತ್ತು ಗುಬ್ಬಿ ಸಮಿತಿಗೆ ಪತ್ರ ಕೊಟ್ಟಿದ್ದಾಳೆ. ತನ್ನ ಅಜಾಗರೂಕತೆಯಿಂದ ಮೂರು ಭ್ರೂಣಗಳಲ್ಲಿ ಎಡಬಲ ತಪ್ಪಿದೆ, ಪ್ರಯೋಗ ಮತ್ತೆ ಮಾಡಲು ಆರು ತಿಂಗಳು ಕೊಡಿ. ನನಗೇ ತೋರಿಸಿದಳು, ಕಾಗುಣಿತ ನೋಡಿಕೊಡಿ ಅಕ್ಕ ಎಂದು. ಅಜಾಗರೂಕತೆಯಲ್ಲಿ ಒಂದು ದೀರ್ಘ ಬಿಟ್ಟಿದ್ದಳು. ತಿದ್ದಿಕೊಟ್ಟೆ.

ನಾಲ್ಕು ಗಂಟೆಗೆ ಪ್ರೊಫೆಸರ್ ಬಾಗಿಲು ತಟ್ಟಿದೆ. ಎಲ್ಲ ಹೇಳಿದೆ. ಮುಚ್ಚಳ, ಅನ್ನನಾಳ, ಕಣ್ಣು. ಅವರು ಎದ್ದು ಮೂರು ಸ್ಲೈಡನ್ನೂ ನೋಡಿದರು. ನೋಡಿ ಬಂದು ಕೂತರು.

“ನಾನೇ ನೋಡ್ಬೇಕಿತ್ತು. ನೀವು ಇಲ್ಲ ಅಂದ್ರಿ, ನಾನು ನೋಡ್ಲಿಲ್ಲ” ಅಂದರು. ಆಮೇಲೆ ದನಿ ತಗ್ಗಿಸಿ: “ಯೋಚನೆ ಮಾಡಿ. ಈ ಲ್ಯಾಬಿಂದ ಹೋದ ಥೀಸಿಸ್ ಎಲ್ಲ ನಿಮ್ಮ ಸ್ಲೈಡ್ ಮೇಲೆ ನಿಂತಿರೋದು. ಎರಡು ವರ್ಷದಿಂದ ಕಣ್ಣು ಕಾಣ್ತಿರಲಿಲ್ಲ ಅಂತ ಹೊರಗೆ ಬಂದ್ರೆ ನಾಳೆ ಎಲ್ಲರೂ ಹಳೇ ಸ್ಲೈಡ್ ತೆಗೆದು ಕೂತ್ಕೋತಾರೆ. ಹುಡುಗಿ ಪತ್ರ ಕೊಟ್ಟಾಗಿದೆ. ಆರು ತಿಂಗಳು ನಾನು ಕೊಡಿಸ್ತೀನಿ. ಮತ್ತೆ ಮಾಡ್ತಾಳೆ, ಬರುತ್ತೆ, ಮುಗಿಯುತ್ತೆ. ಯಾಕೆ ಕೆದಕೋದು?”

“ಸಮಿತಿ ಕೊಡದೇ ಇದ್ರೆ?”

“ನೋಡೋಣ.”

ಆಯ್ತು ಸರ್ ಅಂದೆ.

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ

ಚೆನ್ನಾಗಿ ನಿದ್ದೆ ಬಂತು. ಹದಿನೈದು ದಿನದಲ್ಲಿ ಮೊದಲ ಸಲ. ಎದ್ದಾಗ ಹಗುರ ಅನ್ನಿಸಿತು. ಹೇಳಿದ್ದೇನಲ್ಲ, ಹೇಳಬೇಕಾದವರಿಗೆ ಹೇಳಿದೆ, ಇನ್ನು ಅವರುಂಟು... ಹಲ್ಲುಜ್ಜುವಾಗ ಕನ್ನಡಿಯಲ್ಲಿ ನನ್ನ ಮುಖ ಸ್ಪಷ್ಟವಾಗಿ ಕಂಡಿತು. ಕನ್ನಡಕ ಹಾಕಿಕೊಂಡೇ ಎದ್ದಿದ್ದೆ. ತೆಗೆದಿಟ್ಟೆ.

ಆ ಹಗುರದ ಬಗ್ಗೆಯೇ ನನಗೆ ಹೇಸಿಗೆ.

ಮಾರ್ಚ್ 7, ಶುಕ್ರವಾರ

ಗುಬ್ಬಿ ಸಮಿತಿಗೆ ಕಾಯದೆ ಮತ್ತೆ ಶುರು ಮಾಡಿದ್ದಾಳೆ. ಮೂವತ್ತೊಂದು ಮೊಟ್ಟೆ ಇನ್‌ಕ್ಯುಬೇಟರಿಗೆ. ನಿನ್ನೆಯೇ ಹೇಳಿದ್ದಳು, “ಅಕ್ಕ, ನಿಮ್ಮ ತಂಗಿ ಹತ್ರ ಕೆಂಪು ದಾರ ಇದ್ರೆ ಒಂದು ಗೇಣು ತನ್ನಿ ಅಕ್ಕ.” ಯಾಕೆಂದು ಕೇಳದೆ ತಂದುಕೊಟ್ಟೆ.

ಬಲಗೈ ಮುಂದೆ ಚಾಚಿದಳು. “ಒಂದೇ ಕೈಲಿ ಗಂಟು ಹಾಕಕ್ಕಾಗಲ್ಲ ಅಕ್ಕ, ನೀವೇ ಕಟ್ಟಿ. ಕೆಂಪು ಇರೋ ಕಡೆ ಬಲ. ಇನ್ಮೇಲೆ ತಪ್ಪಲ್ಲ. ರಾತ್ರಿಯೆಲ್ಲ ಯೋಚನೆ ಮಾಡ್ತೀನಿ ಅಕ್ಕ, ನಾನು ಬಲಕ್ಕೆ ಇಟ್ಟ ಹಾಗೇ ನೆನಪು. ಒಂದೊಂದೂ ನೆನಪಿದೆ. ಆದ್ರೂ ಎಡಕ್ಕಿದೆ ಅಂದ್ರೆ ನನ್ನ ತಲೇನೇ ಸರಿ ಇಲ್ಲ ಅಂತ ತಾನೇ?” ನಕ್ಕಳು.

ಕಟ್ಟಿದೆ. ಎರಡು ಗಂಟು. ಸಣ್ಣ ಮಣಿಕಟ್ಟು. ನಾಡಿ ಬಡಿಯುತ್ತಿತ್ತು.

“ಬಿಗಿಯಾಯ್ತಾ?” ಎಂದು ಬೇರೆ ಕೇಳಿದೆ.

“ಇಲ್ಲ ಅಕ್ಕ. ಸರಿಯಾಗಿದೆ.”

ಮಾರ್ಚ್ 9, ಭಾನುವಾರ. ಮಧ್ಯಾಹ್ನ

ತಂಗಿ ಕೋಟಿನ ತೋಳು ಬಿಚ್ಚುತ್ತಿದ್ದಳು. ಬಲತೋಳನ್ನು ಎಡಕ್ಕೆ ಹೊಲಿದುಬಿಟ್ಟಿದ್ದಳಂತೆ. ಹೊಲಿಗೆ ಒಂದೊಂದೇ ಕತ್ತರಿಸುತ್ತ ತನ್ನನ್ನೇ ಬೈದುಕೊಳ್ಳುತ್ತಿದ್ದಳು, ಕತ್ತೆ, ಕೋಣ ಎಂದು. ನನಗೆ ತಡೆಯಲಾಗಲಿಲ್ಲ. ಅತ್ತುಬಿಟ್ಟೆ. ಎಲ್ಲ ಹೇಳಿದೆ. ದಾರದ ವಿಷಯವನ್ನು ಕೊನೆಗೆ ಹೇಳಿದೆ.

ಕತ್ತರಿ ಕೆಳಗಿಟ್ಟಳು. ಸಮಾಧಾನ ಮಾಡುತ್ತಾಳೆ ಅಂದುಕೊಂಡೆ.

“ನನ್ನ ದಾರ ಅದು” ಅಂದಳು. “ಯಾಕ್ ಬೇಕು ಅಂತ ಹೇಳಿದ್ರೆ ಕೊಡ್ತಿರಲಿಲ್ಲ.”

“ಸರ್‌ಗೆ ಹೇಳಿದೀನಲ್ಲೇ.”

“ಸರ್ ಕೈಗಾ ದಾರ ಕಟ್ಟಿದ್ದು?”

ಮತ್ತೆ ತೋಳು ಎತ್ತಿಕೊಂಡಳು. “ತಪ್ಪು ಹೊಲಿದವಳೇ ಕೂತು ಬಿಚ್ಬೇಕು ಅಕ್ಕ. ಬಟ್ಟೆ ಏನ್ ಮಾಡುತ್ತೆ ಪಾಪ.”

ಸ್ಟೋರಿಗೆ ಹಾಕಬಹುದು. ಬಾಟಲಿ ಎಣಿಸಬೇಕಾಗಬಹುದು. ಹಳೆಯ ಸ್ಲೈಡೆಲ್ಲ ತೆಗೆಯಬಹುದು, ಅದರಲ್ಲಿ ಇನ್ನೆಷ್ಟು ಮಗುಚಿವೆಯೋ ನನಗೇ ಗೊತ್ತಿಲ್ಲ. ನಾನು ಇಷ್ಟು ದಿನ ಹೆದರಿದ್ದು ಇದಕ್ಕೇ. ಗುಬ್ಬಿಯ ಕಷ್ಟಕ್ಕಿಂತ ನನ್ನ ಹೆಸರು ದೊಡ್ಡದಾಗಿತ್ತು. ಬರೆದೆ. ಇರಲಿ.

ಮಾರ್ಚ್ 11, ಮಂಗಳವಾರ. ಸಂಜೆ 5.30

ನಿನ್ನೆ ಅವಳು ಬಂದಿರಲಿಲ್ಲ. ಇವತ್ತು ಬಂದಳು. ನಾಳೆ ಸಮಿತಿ. ಮೈಕ್ರೊಸ್ಕೋಪಿನ ಮುಂದೆ ಕೂರಿಸಿದೆ. ನಾನು ಕನ್ನಡಕ ಹಾಕಿಕೊಂಡೆ, ಅವಳ ಎದುರಿಗೇ.

“ಅಕ್ಕ, ಕನ್ನಡಕ! ಚೆನ್ನಾಗಿದೆ ಅಕ್ಕ.”

“ಸ್ಲೈಡ್ ನೋಡು. ಎಲುಬು ಬಿಡು. ಅನ್ನನಾಳ ಯಾವ ಕಡೆಗಿದೆ?”

ನೋಡಿದಳು. ಮೂರನೇ ಮರಿ. ತಲೆ ಎತ್ತಲೇ ಇಲ್ಲ. ಕೈಚಾಚಿ ಇನ್ನೊಂದು ಕೇಳಿದಳು. ಐದು ಕೊಟ್ಟೆ. ಆರು ಕೊಟ್ಟೆ. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

“ಮಗುಚಿದೆ” ಅಂದಳು.

“ನಾನು ಮಗುಚಿದ್ದು. ಮುಚ್ಚಳಕ್ಕೆ ಅಂಟಿತ್ತು. ನನಗೆ ಹೊಳಪು ಕಾಣ್ತಿರಲಿಲ್ಲ. ನೀನು ಬಲಕ್ಕೇ ಇಟ್ಟಿದ್ದೆ ಕಣೇ. ಏಳರಲ್ಲೂ.”

ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡಿದ್ದೆ. ಎರಡೂ ಇಲ್ಲ. “ನಾನೇ ನೋಡಬಹುದಿತ್ತು” ಅಂದಳು. “ಫಸ್ಟ್ ಇಯರ್ ಪಾಠ ಇದು. ನೋಡ್ಲೇ ಇಲ್ಲ. ನೀವು ಇಲ್ಲ ಅಂದ್ರಲ್ಲ ಅಕ್ಕ.”

ಆಮೇಲೆ ತಿರುಗಿ ಕೂತಳು. “ಯಾವತ್ತು ಗೊತ್ತಾಯ್ತು ನಿಮಗೆ?”

ನಿನ್ನೆ ಅನ್ನಬಹುದಿತ್ತು. ನಾಲಿಗೆ ಅಲ್ಲಿಗೇ ಹೋಗಿತ್ತು. ಯಾರು ಕೇಳುತ್ತಿದ್ದರು? ಆದರೆ ಈ ಪುಸ್ತಕದಲ್ಲಿ ತಾರೀಕಿದೆ.

“ಫೆಬ್ರುವರಿ ಇಪ್ಪತ್ನಾಲ್ಕು.”

ಬೆರಳು ಮಡಚಿ ಎಣಿಸಿದಳು. ಇಪ್ಪತ್ತೈದು ದಾಟಿತು, ಅವಳು ಸಾರಿ ಕೇಳಿದ ದಿನ. ಮೂರು ದಾಟಿತು, ನಾನು ಪತ್ರದ ಕಾಗುಣಿತ ತಿದ್ದಿದ ದಿನ. ಏಳಕ್ಕೆ ಬಂದಾಗ ಬೆರಳು ನಿಂತಿತು. ಮಣಿಕಟ್ಟು ನೋಡಿಕೊಂಡಳು. ಕೈ ಚಾಚಿದಳು, ಕಟ್ಟುವಾಗ ಚಾಚಿದ ಹಾಗೆಯೇ.

“ಬಿಚ್ಚಿ.”

ಕನ್ನಡಕವಿತ್ತು. ಗಂಟಿನ ಎಳೆ ಎಳೆ ಕಾಣುತ್ತಿತ್ತು. ಆದರೂ ಬಿಚ್ಚಲು ಬರಲಿಲ್ಲ. ನಾನೇ ಹಾಕಿದ ಎರಡು ಗಂಟು. ಸ್ವಲ್ಪ ಹೊತ್ತು ನೋಡಿ ಕೈ ಎಳೆದುಕೊಂಡಳು, ಹಲ್ಲಿನಿಂದ ಕಚ್ಚಿ ಹರಿದಳು. ದಾರ ಮೇಜಿನ ಮೇಲಿಟ್ಟು ಹೋದಳು. ಇನ್‌ಕ್ಯುಬೇಟರಿನ ಕಡೆ ನೋಡಲಿಲ್ಲ. ಮೊಟ್ಟೆಗಳನ್ನು ನಾನೇ ಒಂದೊಂದಾಗಿ ಹೊರಳಿಸಿಟ್ಟು ಬಂದೆ.

ಮಾರ್ಚ್ 12, ಬುಧವಾರ. ಬೆಳಿಗ್ಗೆ 10.40

ಸಮಿತಿ ರೂಮಿನ ಹೊರಗಿನ ಬೆಂಚು. ಚೀಲದಲ್ಲಿ ಮೂರು ಸ್ಲೈಡಿನ ಡಬ್ಬಿ. ನಾನು ಬರೆದ ಪತ್ರ: ಏನಾಯಿತು, ಯಾವತ್ತಾಯಿತು, ಯಾವತ್ತು ತಿಳಿಯಿತು, ಎಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಎರಡು ವರ್ಷದ ಸ್ಲೈಡೆಲ್ಲ ಮತ್ತೆ ನೋಡಬೇಕೆಂದೂ ಬರೆದೆ. ಪ್ರೊಫೆಸರ್ ಒಳಗೆ ಹೋಗುವಾಗ ನನ್ನನ್ನೂ ಕನ್ನಡಕವನ್ನೂ ನೋಡಿದರು. ತಡೆಯಲಿಲ್ಲ.

ತಂಗಿ ಬೆಳಿಗ್ಗೆ ಬಾಗಿಲವರೆಗೆ ಬಂದು ಕಾಲರ್ ಸರಿ ಮಾಡಿದಳು.

10.50

ಗುಬ್ಬಿ ಬಂದಳು. ಬೆಂಚಿನ ಆ ತುದಿಗೆ ಕೂತಳು. ನಡುವೆ ಇಬ್ಬರು ಕೂರುವಷ್ಟು ಜಾಗ. ಮಣಿಕಟ್ಟಿನಲ್ಲಿ ದಾರದ ಗುರುತು ಇನ್ನೂ ಕೆಂಪಗಿದೆ. ಬಿಗಿಯಾಗಿಯೇ ಕಟ್ಟಿದ್ದೆ ಹಾಗಾದರೆ. ಹೇಳಲಿಲ್ಲ ಅವಳು.

ಮೊಟ್ಟೆಗೆ ಏನೂ ಆಗಿಲ್ಲ, ಬೆಳಿಗ್ಗೆ ನೋಡಿ ಬಂದೆ ಅಂದೆ. ತಲೆಯಾಡಿಸಿದಳು.

11.05

ಅಟೆಂಡರ್ ಬಾಗಿಲು ತೆರೆದು ಅವಳ ಹೆಸರು ಕರೆದ. ಎದ್ದಳು. ಹೋಗಲಿಲ್ಲ. ನನ್ನ ಕಡೆ ತಿರುಗಿ, “ಮೊದಲು ನೀವು ಹೋಗಿ” ಅಂದಳು.

ಅಕ್ಕ ಅನ್ನಲಿಲ್ಲ.

ಬಾಗಿಲು ಹಿಡಿದು ನಿಂತಿದ್ದಾನೆ. ಡಬ್ಬಿ ತೆಗೆದುಕೊಂಡು ಈಗ ಒಳಗೆ—